ಪಿಕಪ್ಪಿನ ಕೆಂಪು ದೀಪವನ್ನು ಕಾಯುತ್ತಾ ಕೂರಬೇಡಿ

ನಮ್ಮ ಕಡೆ ಈಗ ಹಟ್ಟಿ ಇಲ್ಲದ ಮನೆ ಸಿಕ್ಕೀತು, ಪಿಕಪ್ಪು ಹೋಗದ ಮನೆ ಸಿಗಲಿಕ್ಕಿಲ್ಲ. ಸ್ವಂತದ್ದು ಇಲ್ಲದಿದ್ದರೆ ನೆರೆಯವರದ್ದು, ಅದೂ ಇಲ್ಲದಿದ್ದರೆ ಬಾಡಿಗೆಯದ್ದು. ಅಡಿಕೆ ಸೊಸೈಟಿಗೆ ಹೋಗುವುದು ಅದರಲ್ಲಿ. ಹಟ್ಟಿಗೊಬ್ಬರ ತೋಟಕ್ಕೆ ಇಳಿಯುವುದು ಅದರಲ್ಲಿ. ಸುಣ್ಣ, ಮೈಲುತುತ್ತು ಪೇಟೆಯಿಂದ ಬರುವುದು ಅದರಲ್ಲಿ. ಸಣ್ಣ ಹಿಡುವಳಿಯವನಿಗೆ ಜಾಗ ಬಿಟ್ಟರೆ ಅತಿ ದೊಡ್ಡ ಬಂಡವಾಳ ಈ ಗಾಡಿಯೇ. ಹೆಚ್ಚಿನವರದ್ದು ಸಾಲದ ಗಾಡಿ ಬೇರೆ.

ಇಷ್ಟು ದೊಡ್ಡ ಬಂಡವಾಳದ ಆಯುಷ್ಯ ನಿಂತಿರುವುದು ಒಂದು ಅಂಕೆಯ ಮೇಲೆ - ಇಂಜಿನಿನೊಳಗಿನ ಆಯಿಲ್ ಪ್ರೆಶರ್. ಟಯರಿಗೆ ಎಷ್ಟು ಪೌಂಡು ಗಾಳಿ ಬೇಕೆಂದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡ್ತದೆ ಎಂದು ಕೇಳಿದರೆ ದಶಾಂಶ ಸಹಿತ ಹೇಳುತ್ತೇವೆ. "ನಿಮ್ಮ ಗಾಡಿಯ ಆಯಿಲ್ ಪ್ರೆಶರ್ ಎಷ್ಟು ಉಂಟು?" ಎಂದು ಕೇಳಿ ನೋಡಿ. "ದೀಪ ಉರಿಯುವುದಿಲ್ಲ, ಹಾಗಾಗಿ ಸರಿ ಇರಬೇಕು" ಎಂಬ ಉತ್ತರ ಬರುತ್ತದೆ.

ನನ್ನ ತಕರಾರು ಇರುವುದು ಈ ಉತ್ತರದ ಮೇಲೆ. ದೀಪ ಉರಿಯದಿರುವುದು ಇಂಜಿನ್ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಪ್ರೆಶರಿನ ಅಂಕೆಯನ್ನು ನಾವೇ ನೋಡಲು, ಓದಲು, ಬರೆದಿಡಲು ಕಲಿಯಬೇಕು. ಅದೇನು ಬ್ರಹ್ಮವಿದ್ಯೆ ಅಲ್ಲ. ತೋಟಕ್ಕೆ ಮದ್ದು ಬಿಟ್ಟು ಗೊತ್ತಿರುವವರಿಗೆ ಅರ್ಧ ಪಾಠ ಈಗಾಗಲೇ ಆಗಿದೆ.

ಮದ್ದಿನ ಪಂಪು ಹೇಳುವ ಪಾಠ

ಬೋರ್ಡೋ ಬಿಡುವ ಪಂಪಿನಲ್ಲಿ ಒಂದು ಮೀಟರ್ ಇರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಪಂಪು ಮಾಡುವ ಕೆಲಸ ದ್ರಾವಣವನ್ನು ದೂಡುವುದು ಮಾತ್ರ. ಪ್ರೆಶರ್ ಹುಟ್ಟುವುದು ನಾಝಲಿನ ಸಣ್ಣ ತೂತು ಅದನ್ನು ತಡೆದಾಗ. ನಾಝಲ್ ಬಿಚ್ಚಿ ಪೈಪಿನ ಬಾಯಿ ತೆರೆದು ಬಿಟ್ಟರೆ ಅದೇ ಪಂಪು, ಅದೇ ವೇಗ, ಆದರೂ ಮುಳ್ಳು ಕೆಳಗೆ ಬೀಳುತ್ತದೆ. ಸುಣ್ಣದ ಕಣ ಉಜ್ಜಿ ಉಜ್ಜಿ ನಾಝಲಿನ ತೂತು ದೊಡ್ಡದಾದರೆ ಪ್ರೆಶರ್ ಕಮ್ಮಿ, ಮದ್ದು ಕೊನೆಗೆ ತಲುಪುವುದಿಲ್ಲ. ಬ್ಯಾರೆಲ್ಲಿನೊಳಗಿನ ಜಾಲರಿಗೆ ಕಸ ಕಟ್ಟಿದರೆ ಅಥವಾ ಬ್ಯಾರೆಲ್ ಖಾಲಿಯಾಗಿ ಗಾಳಿ ಎಳೆದರೆ ಮುಳ್ಳು ಕುಣಿಯುತ್ತದೆ.

ಇಂಜಿನಿನ ಒಳಗೂ ಇದೇ ವ್ಯವಹಾರ. ಕೆಳಗಿನ ಚೇಂಬರ್ ಎಂದರೆ ಬ್ಯಾರೆಲ್. ಅದರಲ್ಲಿ ಮುಳುಗಿರುವ ಜಾಲರಿಯ ಮೂಲಕ ಆಯಿಲ್ ಪಂಪು ಎಳೆದು, ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ಬೇರಿಂಗುಗಳಿಗೆ, ಮೇಲಿನ ಕ್ಯಾಮಿಗೆ, ಟರ್ಬೊಗೆ ದೂಡುತ್ತದೆ. ಇಲ್ಲಿ ನಾಝಲಿನ ಕೆಲಸ ಮಾಡುವುದು ಬೇರಿಂಗ್ ಮತ್ತು ಶಾಫ್ಟಿನ ನಡುವಿನ ಸಂದು. ತಲೆಗೂದಲಿನಷ್ಟೂ ದಪ್ಪ ಇಲ್ಲದ ಸಂದು ಅದು. ಆಯಿಲು ಆ ಸಂದಿನಲ್ಲಿ ಪದರವಾಗಿ ನಿಂತು ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ನೋಡಿಕೊಳ್ಳುತ್ತದೆ. ನಾವು ಒಂದೂವರೆ ಟನ್ ಹೇರಿಕೊಂಡು ಗುಡ್ಡೆ ಹತ್ತುವಾಗ ಆ ಭಾರವನ್ನೆಲ್ಲ ಹೊರುವುದು ಈ ತೆಳ್ಳಗಿನ ಪದರ.

ಸಂದು ಸವೆದು ದೊಡ್ಡದಾದರೆ ಆಯಿಲು ಬದಿಯಿಂದ ಸೋರಿ ಹೋಗುತ್ತದೆ. ಇದರ ಲೆಕ್ಕ ಸ್ವಲ್ಪ ಭಯಂಕರ. ಅದೇ ಆಯಿಲು, ಅದೇ ಪ್ರೆಶರ್ ಇದ್ದು ಸಂದು ಎರಡು ಪಾಲು ಆದರೆ ಸೋರುವಿಕೆ ಎರಡು ಪಾಲಲ್ಲ, ಸುಮಾರು ಎಂಟು ಪಾಲು ಆಗುತ್ತದೆ. ಆದ್ದರಿಂದಲೇ ಮುದಿಯಾದ ಇಂಜಿನಿನಲ್ಲಿ ಸ್ವಲ್ಪ ಕಾಲ ಏನೂ ಗೊತ್ತಾಗುವುದಿಲ್ಲ, ಮತ್ತೆ ಒಮ್ಮೆಗೇ ಮುಳ್ಳು ಇಳಿಯುತ್ತಾ ಹೋಗುತ್ತದೆ.

ಒಂದೇ ಅಂಕೆ ಹುಡುಕಬೇಡಿ

"ಸರಿಯಾದ ಪ್ರೆಶರ್ ಎಷ್ಟು?" ಎಂದು ಕೇಳುವವರಿಗೆ ಒಂದು ಅಂಕೆಯ ಉತ್ತರ ಇಲ್ಲ. ಮೂರು ಸಂಗತಿಗಳ ಮೇಲೆ ಅದು ನಿಂತಿದೆ: ಆಯಿಲು ಎಷ್ಟು ಬಿಸಿ, ಇಂಜಿನ್ ಎಷ್ಟು ವೇಗ, ಸಂದು ಎಷ್ಟು ಸವೆದಿದೆ. ಮೊದಲಿನ ಎರಡನ್ನು ಸರಿಯಾಗಿ ಇಟ್ಟುಕೊಂಡು ನೋಡಿದರೆ ಮಾತ್ರ ಮೂರನೆಯದ್ದು ತಿಳಿಯುತ್ತದೆ.

ಅಳತೆಯ ಹೆಸರಿನ ಬಗ್ಗೆ ಒಂದು ಮಾತು. ಟಯರಿನ ಗಾಳಿಗೆ ನಾವು ಹೇಳುವ 'ಪೌಂಡು' ಮತ್ತು ಮೀಟರಿನ ಪಿಎಸ್‌ಐ ಒಂದೇ. ಕೆಲವು ಮೀಟರುಗಳಲ್ಲಿ ಬಾರ್ ಎಂದಿರುತ್ತದೆ. 1 ಬಾರ್ ಎಂದರೆ 14.5 ಪೌಂಡು. ಮೆಕ್ಯಾನಿಕ್ಕುಗಳು 'ಕೆಜಿ' ಎನ್ನುವುದೂ ಹೆಚ್ಚು ಕಮ್ಮಿ 1 ಬಾರೇ.

ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಆಯಿಲು ದಪ್ಪ. ಮುಳ್ಳು ಮೇಲೆ ಹೋಗಿ 4 ಬಾರ್, 5 ಬಾರ್ ತೋರಿಸಬಹುದು. "ಅಬ್ಬ, ಇಂಜಿನ್ ಗಟ್ಟಿ ಉಂಟು" ಎಂದು ಖುಷಿ ಪಡಬೇಡಿ. ಮುಕ್ಕಾಲು ಸವೆದ ಇಂಜಿನ್ ಕೂಡಾ ಬೆಳಿಗ್ಗೆ ಒಳ್ಳೆಯ ಅಂಕೆ ತೋರಿಸುತ್ತದೆ. ಪ್ರೆಶರ್ ಅತಿಯಾಗಿ ಫಿಲ್ಟರ್, ಸೀಲುಗಳು ಹಾಳಾಗದಂತೆ ಒಂದು ರಿಲೀಫ್ ವಾಲ್ವ್ ಇರುತ್ತದೆ. ಸ್ಪ್ರಿಂಗಿನ ಬಲದಲ್ಲಿ ನಿಂತಿರುವ ಅದು ಮಿತಿ ದಾಟಿದರೆ ತೆರೆದು ಹೆಚ್ಚಿನ ಆಯಿಲನ್ನು ವಾಪಸು ಬಿಡುತ್ತದೆ. ಮದ್ದಿನ ಪಂಪಿನಿಂದ ಬ್ಯಾರೆಲ್ಲಿಗೆ ವಾಪಸು ಬರುವ ಪೈಪಿನ ಹಾಗೆ.

ನಿಜವಾದ ಪರೀಕ್ಷೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಅದೂ ಐಡ್ಲಿಂಗಿನಲ್ಲಿ. ಆಗ ಆಯಿಲು ನೀರಾಗಿರುತ್ತದೆ, ಪಂಪು ನಿಧಾನ ತಿರುಗುತ್ತದೆ, ಸವೆತವನ್ನು ಮುಚ್ಚಿಡಲು ಇಂಜಿನಿಗೆ ಏನೂ ಉಪಾಯ ಇರುವುದಿಲ್ಲ. ಬಿಸಿ ಐಡ್ಲಿಂಗಿನಲ್ಲಿ 1 ಬಾರ್ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಹೆಚ್ಚಿನ ಡೀಸೆಲ್ ಪಿಕಪ್ಪುಗಳಿಗೆ ಸಮಾಧಾನ. ವೇಗ ಏರಿಸಿದರೆ ಮುಳ್ಳು ಏರಬೇಕು. ಸಾವಿರ ಸುತ್ತಿಗೆ 10 ಪೌಂಡು ಎಂಬುದು ಗ್ಯಾರೇಜುಗಳ ಹಳೆಯ ಲೆಕ್ಕ. 2000 ಸುತ್ತಿಗೆ 20 ಪೌಂಡಾದರೂ ಬರಬೇಕು. ಇದು ಅಂದಾಜಿನ ಕೋಲು ಮಾತ್ರ. ನಿಮ್ಮ ಗಾಡಿಯ ಸರಿಯಾದ ಅಂಕೆ ಕಂಪೆನಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಅದನ್ನು ಸರ್ವಿಸಿಗೆ ಬಿಟ್ಟಾಗ ಕೇಳಿ ಪಡೆಯಿರಿ.

ಅದಕ್ಕಿಂತಲೂ ಮುಖ್ಯ ನಿಮ್ಮ ಗಾಡಿಯದ್ದೇ ಹಳೆಯ ಅಂಕೆ. ನನ್ನ ಪಿಕಪ್ಪು 2011ರದ್ದು. ಅದಕ್ಕೆ ಮೀಟರ್ ಕೂರಿಸಿದಲ್ಲಿಂದ, ಪ್ರತಿ ಆಯಿಲ್ ಬದಲಾವಣೆಯ ಮರುವಾರ ಪೇಟೆಯಿಂದ ಹಿಂದೆ ಬಂದ ಕೂಡಲೇ ಐಡ್ಲಿಂಗಿನ ಅಂಕೆ ಬರೆದಿಡುತ್ತೇನೆ. ಆರಂಭದಲ್ಲಿ 1.6 ಬಾರ್ ಇತ್ತು, ಈಗ 1.3 ಇದೆ. ಇಷ್ಟು ವರ್ಷದಲ್ಲಿ ಇಷ್ಟು ಇಳಿಯುವುದು ಪ್ರಾಯದ ಲಕ್ಷಣ, ರೋಗ ಅಲ್ಲ. ಎರಡು ಬದಲಾವಣೆಗಳ ನಡುವೆ 1.3ರಿಂದ 0.9ಕ್ಕೆ ಬಂದರೆ ಅದು ರೋಗ. ಬರೆದಿಟ್ಟವನಿಗೆ ಮಾತ್ರ ಈ ವ್ಯತ್ಯಾಸ ಕಾಣುತ್ತದೆ.

ದೀಪ ಉರಿಯುವುದು ಯಾವಾಗ?

ಹಳೇ ಜೀಪುಗಳಲ್ಲಿ ಡ್ರೈವರನ ಎದುರು ಆಯಿಲ್ ಪ್ರೆಶರಿನ ಮುಳ್ಳಿನ ಮೀಟರ್ ಇರುತ್ತಿತ್ತು. ನಮ್ಮ ಹಿರಿಯರು ಘಾಟಿ ಹತ್ತುವಾಗ ಒಂದು ಕಣ್ಣು ರಸ್ತೆಯಲ್ಲಿ, ಒಂದು ಕಣ್ಣು ಅದರಲ್ಲಿ ಇಟ್ಟುಕೊಂಡೇ ಓಡಿಸಿದವರು. ಆಮೇಲಿನ ಹೆಚ್ಚಿನ ಗಾಡಿಗಳಲ್ಲಿ ಮುಳ್ಳು ಹೋಗಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಮಾತ್ರ ಉಳಿಯಿತು.

ಈ ದೀಪದ ಸ್ವಿಚ್ಚು ಪ್ರೆಶರ್ ಸಾಮಾನ್ಯವಾಗಿ ಅರ್ಧ ಬಾರಿನ ಆಸುಪಾಸಿಗೆ, ಅಂದರೆ 5-7 ಪೌಂಡಿಗೆ ಇಳಿದಾಗ ಕೆಲಸ ಮಾಡುತ್ತದೆ. ಎರಡು ಸಾವಿರ ಸುತ್ತಿನಲ್ಲಿ 3 ಬಾರ್ ಇರಬೇಕಾದ ಇಂಜಿನಿಗೆ 1 ಬಾರ್ ಮಾತ್ರ ಬರುತ್ತಿದ್ದರೂ ದೀಪ ಸುಮ್ಮನೆ ಇರುತ್ತದೆ. ಭಾರ ಹೇರಿ ಹತ್ತುತ್ತಿರುವ ಗಾಡಿಯಲ್ಲಿ ದೀಪ ಉರಿಯುವ ಹೊತ್ತಿಗೆ ಬೇರಿಂಗು ಆಗಲೇ ಉಜ್ಜಲು ಶುರುವಾಗಿರುತ್ತದೆ. ತೋಟದ ಕೆರೆ ಬತ್ತಿದ ಮೇಲೆ ಪಂಪು ಬರಿದೇ ಓಡಿದ್ದನ್ನು ತಿಳಿಸುವ ಗಂಟೆಯ ಹಾಗೆ ಇದು. ಗಂಟೆ ಬೇಡ ಎನ್ನುತ್ತಿಲ್ಲ. ನೀರಿನ ಮಟ್ಟ ನೋಡುವ ಅಭ್ಯಾಸವೂ ಬೇಕು ಎನ್ನುತ್ತಿದ್ದೇನೆ.

ಮುಳ್ಳು ಇದ್ದರೂ ಅದು ಸತ್ಯ ಹೇಳುತ್ತದೆ ಎಂಬ ಭರವಸೆ ಇಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಯಲ್ಲಿ ಫೋರ್ಡ್ ಪಿಕಪ್ಪುಗಳಲ್ಲಿ ಮೀಟರ್ ಇತ್ತು, ಆದರೆ ಅದರ ಹಿಂದೆ ಇದ್ದದ್ದು ದೀಪದ್ದೇ ಜಾತಿಯ ಸ್ವಿಚ್ಚು. ಆರೇಳು ಪೌಂಡು ದಾಟಿದರೆ ಮುಳ್ಳು ಮಧ್ಯಕ್ಕೆ ಬಂದು ನಿಲ್ಲುತ್ತಿತ್ತು, 10 ಪೌಂಡಿಗೂ ಅಲ್ಲೇ, 50 ಪೌಂಡಿಗೂ ಅಲ್ಲೇ. ನಿಮ್ಮ ಗಾಡಿಯ ಮುಳ್ಳು ಬೆಳಿಗ್ಗೆ ತಣ್ಣಗಿದ್ದಾಗಲೂ, ಮಧ್ಯಾಹ್ನ ಬಿಸಿಯಾದಾಗಲೂ, ಐಡ್ಲಿಂಗಿನಲ್ಲೂ, ಓಡುವಾಗಲೂ ಒಂದೇ ಕಡೆ ಇದ್ದರೆ ಅದನ್ನು ನಂಬಬೇಡಿ. ಬದುಕಿರುವ ಮುಳ್ಳು ಅಲುಗಾಡಲೇ ಬೇಕು.

ದಿನಾ ಮಾಡಬಹುದಾದ ಒಂದು ಪರೀಕ್ಷೆ ಉಂಟು, ಖರ್ಚು ಇಲ್ಲ. ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಒಂದು ಕ್ಷಣ ನಿಲ್ಲಿ. ಕೆಂಪು ದೀಪ ಉರಿಯಬೇಕು. ಉರಿಯದಿದ್ದರೆ ಬಲ್ಬ್ ಹೋಗಿದೆ ಅಥವಾ ವಯರ್ ತುಂಡಾಗಿದೆ. ನಮ್ಮ ಗಾಡಿಗಳ ವಯರಿಗೆ ಇಲಿಕಾಟ ಬೇರೆ. ಸ್ಟಾರ್ಟ್ ಆದ ಎರಡು-ಮೂರು ಸೆಕೆಂಡಿನೊಳಗೆ ದೀಪ ಆರಬೇಕು. ದಿನಾ ಐದಾರು ಸೆಕೆಂಡು ಹಿಡಿದರೆ ಫಿಲ್ಟರಿನ ಮೇಲೆ ಅನುಮಾನ ಪಡಿ. ಒಳ್ಳೆಯ ಫಿಲ್ಟರಿನೊಳಗೆ ರಬ್ಬರಿನ ತಡೆವಾಲ್ವ್ ಇರುತ್ತದೆ. ಇಂಜಿನ್ ನಿಂತಾಗ ಆಯಿಲು ಕೆಳಗೆ ಇಳಿಯದಂತೆ ಅದು ತಡೆಯುತ್ತದೆ, ನಮ್ಮ ಪಂಪಿನ ಫುಟ್ ವಾಲ್ವಿನ ಹಾಗೆಯೇ. ಅಗ್ಗದ ನಕಲಿ ಫಿಲ್ಟರುಗಳಲ್ಲಿ ಅದು ಇರುವುದಿಲ್ಲ ಅಥವಾ ಬೇಗ ಗಟ್ಟಿಯಾಗುತ್ತದೆ.

ಇಳಿದರೆ ಯಾಕೆ ಇಳಿಯಿತು?

ಮುಳ್ಳು ಇಳಿದ ಕೂಡಲೇ ಇಂಜಿನ್ ಬಿಚ್ಚುವ ಮಾತು ಬೇಡ. ಸುಲಭದ್ದನ್ನು ಮೊದಲು ನೋಡಿ, ಕಷ್ಟದ್ದನ್ನು ಕೊನೆಗೆ.

ಮೊದಲು ಡಿಪ್ ಸ್ಟಿಕ್ಕು. ಪ್ರೆಶರಿನ ಮೀಟರ್ ಆಯಿಲು ಎಷ್ಟು ಉಂಟು ಎಂದು ಹೇಳುವುದಿಲ್ಲ, ಇದನ್ನು ಅನೇಕರು ತಿಳಿದಿಲ್ಲ. ಜಾಲರಿ ಮುಳುಗಿರುವ ತನಕ ಎರಡು ಲೀಟರ್ ಕಮ್ಮಿಯಾದರೂ ಪ್ರೆಶರ್ ಸರಿಯೇ ಇರಬಹುದು. ಅಂಗಳ ಓರೆಯಾಗಿದ್ದರೆ ಅಳತೆ ತಪ್ಪುತ್ತದೆ. ಸಮತಟ್ಟಿನಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ.

ತೋಟದ ಕಡಿದಾದ ಇಳಿಜಾರಿನಲ್ಲಿ, ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ದೀಪ ಮಿಣಕ್ಕೆಂದು ಮಾಯವಾದರೆ ಅದು ಆಯಿಲು ಕಮ್ಮಿ ಇರುವುದರ ಮೊದಲ ಸೂಚನೆ. ಆಯಿಲು ಒಂದು ಬದಿಗೆ ಸರಿದು ಜಾಲರಿ ಗಾಳಿ ಎಳೆದಿದೆ. ಮಲೆನಾಡಿನ, ಕರಾವಳಿಯ ಗುಡ್ಡೆದಾರಿಯಲ್ಲಿ ಓಡಿಸುವವರಿಗೆ ಇದು ಬಯಲುಸೀಮೆಯವರಿಗಿಂತ ಮೊದಲೇ ಕಾಣುತ್ತದೆ. ಅದು ನಮ್ಮ ಅದೃಷ್ಟ ಎಂದೇ ತಿಳಿಯಬೇಕು.

ಆಯಿಲು ಹೆಚ್ಚಾದರೂ ತೊಂದರೆಯೇ. "ಇರ್ಲಿ ಮಾರಾಯ, ಅರ್ಧ ಲೀಟರ್ ಜಾಸ್ತಿ" ಎಂದು ಸುರಿದರೆ ತಿರುಗುವ ಕ್ರ್ಯಾಂಕು ಅದನ್ನು ಕಡೆಗೋಲಿನಂತೆ ಕಡೆದು ನೊರೆ ಮಾಡಬಹುದು. ನೊರೆಗೆ ಭಾರ ಹೊರುವ ಶಕ್ತಿ ಇಲ್ಲ.

ಮತ್ತೆ ಆಯಿಲಿನ ಗುಣ ನೋಡಿ. ಹಾಲು ಹಾಕಿದ ಚಾದ ಬಣ್ಣ ಬಂದಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹೊಳೆ ದಾಟಿಸಿದ ಗಾಡಿಯಲ್ಲಿ ಇದನ್ನು ನೋಡದೆ ಸ್ಟಾರ್ಟ್ ಮಾಡಲೇ ಬಾರದು. ರೇಡಿಯೇಟರಿನ ನೀರು ಒಳಗೇ ಸೋರಿದರೂ ಹೀಗೆ ಆಗುತ್ತದೆ. ಡೀಸೆಲಿನ ವಾಸನೆ ಬಂದು ತೆಳ್ಳಗಾಗಿದ್ದರೆ ಡೀಸೆಲು ಆಯಿಲಿಗೆ ಇಳಿಯುತ್ತಿದೆ.

ಇವೆಲ್ಲ ಸರಿ ಇದ್ದರೆ ಸೆನ್ಸರಿನ ಮೇಲೆ ಅನುಮಾನ ಪಡಬಹುದು. ಸೆನ್ಸರ್ ಹಾಳಾಗುವುದು ನಿಜ, ಆಗಾಗ ಆಗುತ್ತದೆ ಕೂಡಾ. ಆದರೆ "ಸೆನ್ಸರ್ ಹೋಗಿದೆ" ಎಂಬ ತೀರ್ಮಾನ ಬಾಯಿಯಿಂದ ಬರಬಾರದು, ಮೀಟರಿನಿಂದ ಬರಬೇಕು. ಸೆನ್ಸರ್ ಬಿಚ್ಚಿದ ಜಾಗಕ್ಕೆ ನೇರ ಪೈಪು ಜೋಡಿಸಿ ಮುಳ್ಳಿನ ಮೀಟರಿನಲ್ಲಿ ನೋಡಿದರೆ ಹತ್ತು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಆಮೇಲೆ ಉಳಿಯುವುದು ಜಾಲರಿಗೆ ಕಟ್ಟಿದ ಕರಿ, ತೆರೆದೇ ಉಳಿದ ರಿಲೀಫ್ ವಾಲ್ವ್, ಸವೆದ ಪಂಪು, ಕೊನೆಗೆ ಬೇರಿಂಗು.

ನನ್ನ ಹತ್ತಿರದ ಒಬ್ಬ ಕೃಷಿಕರಿಗೆ ತೆಂಗಿನಕಾಯಿ ಹೇರಿಕೊಂಡು ಬರುವಾಗ ದೀಪ ಉರಿಯಿತು. ಅವರು ಗಾಡಿ ನಿಲ್ಲಿಸಿ ಗ್ಯಾರೇಜಿಗೆ ಫೋನ್ ಮಾಡಿದರು. "ಸೆನ್ಸರ್ ಹೋಗಿರ್ಬೇಕು, ನಿಧಾನ ತನ್ನಿ" ಎಂಬ ಉತ್ತರ ಬಂತು. ನಿಧಾನವಾಗಿಯೇ ತಂದರು, ಆರು ಕಿಲೋಮೀಟರ್. ಸೆನ್ಸರಿಗೆ ಏನೂ ಆಗಿರಲಿಲ್ಲ. ಕ್ರ್ಯಾಂಕಿಗೆ ಬೇರಿಂಗ್ ಕಚ್ಚಿ ಹಿಡಿದಿತ್ತು. ಆ ವರ್ಷದ ಅಡಿಕೆಯ ದೊಡ್ಡ ಪಾಲು ಇಂಜಿನ್ ಕೆಲಸಕ್ಕೆ ಹೋಯಿತು. ಮಗಳ ಕಾಲೇಜಿನ ಹಣಕ್ಕೆ ಸೊಸೈಟಿಯಲ್ಲಿ ಸಾಲ ಮಾಡಬೇಕಾಯಿತು. ಫೋನಿನಲ್ಲಿ ಹೇಳಿದವರಿಗೆ ಒಂದು ರೂಪಾಯಿಯ ನಷ್ಟವೂ ಇಲ್ಲ.

ದಪ್ಪ ಆಯಿಲು ಮದ್ದಲ್ಲ

ನಾನು ಅತ್ಯಂತ ವಿರೋಧಿಸುವುದು ಈ ಒಂದು ಪದ್ಧತಿಯನ್ನು. ಪ್ರೆಶರ್ ಕಮ್ಮಿ ಎಂದು ಹೋದರೆ ಎಷ್ಟೋ ಗ್ಯಾರೇಜುಗಳಲ್ಲಿ ಸಿಗುವ ಪರಿಹಾರ, "ಇನ್ನು ದಪ್ಪದ್ದು ಹಾಕುವಾ." ಕಂಪೆನಿ 15ಡಬ್ಲ್ಯೂ-40 ಹೇಳಿದ್ದರೆ ಇವರು 20ಡಬ್ಲ್ಯೂ-50 ಸುರಿಯುತ್ತಾರೆ. ಮುಳ್ಳು ಏರುತ್ತದೆ, ದೀಪ ಆರುತ್ತದೆ, ಬಿಲ್ ಸಣ್ಣದು, ಇಬ್ಬರಿಗೂ ಸಂತೋಷ.

ಮುಳ್ಳು ಏರಿದ್ದು ಯಾಕೆ? ದಪ್ಪ ಆಯಿಲು ಸಂದಿನಿಂದ ನಿಧಾನ ಸೋರುತ್ತದೆ. ಸಂದು ಏನೂ ಸಣ್ಣದಾಗಲಿಲ್ಲ. ಜ್ವರ ಬಂದವನಿಗೆ ಮಾತ್ರೆ ಕೊಟ್ಟು ಥರ್ಮಾಮೀಟರ್ ಇಳಿಸಿ ಗದ್ದೆಗೆ ಕಳಿಸಿದ ಹಾಗೆ ಆಯಿತು. ಮದ್ದಿನ ಪಂಪಿನ ನೆನಪು ಮಾಡಿಕೊಳ್ಳಿ: ನಾಝಲಿಗೆ ಕಸ ಕಟ್ಟಿದರೂ ಮುಳ್ಳು ಮೇಲೆ ಹೋಗುತ್ತದೆ, ಆದರೆ ಕೊನೆಗೆ ಮದ್ದು ಬೀಳುವುದಿಲ್ಲ. ಪ್ರೆಶರ್ ಹೆಚ್ಚಿದೆ ಎಂದರೆ ಆಯಿಲು ಹೆಚ್ಚು ಹರಿಯುತ್ತಿದೆ ಎಂದರ್ಥವಲ್ಲ. ಬೆಳಗ್ಗಿನ ಚಳಿಗೆ ದಪ್ಪ ಆಯಿಲು ಮೇಲಿನ ಕ್ಯಾಮಿಗೆ, ಟರ್ಬೊಗೆ ತಲುಪಲು ತಡ ಮಾಡುತ್ತದೆ. ಟರ್ಬೊದ ಶಾಫ್ಟು ಕೆಲಸ ಮಾಡುವಾಗ ನಿಮಿಷಕ್ಕೆ ಲಕ್ಷ ಸುತ್ತು ದಾಟುತ್ತದೆ, ಅದು ತೇಲುವುದು ಈ ಆಯಿಲಿನಲ್ಲೇ.

ಇನ್ನೊಂದು ಕೈಚಳಕ ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ವಾಷರ್ ಇಡುವುದು. ವಾಲ್ವ್ ಸರಿಯಾಗಿ ಮುಚ್ಚುತ್ತಿದ್ದರೆ ಇದರಿಂದ ಬಿಸಿ ಐಡ್ಲಿಂಗಿನ ಪ್ರೆಶರ್ ಏರುವುದೇ ಇಲ್ಲ, ಯಾಕೆಂದರೆ ಆಗ ವಾಲ್ವ್ ಮುಚ್ಚಿಯೇ ಇರುತ್ತದೆ. ಏರುವುದು ಬೆಳಗ್ಗಿನ ಪ್ರೆಶರ್ ಮಾತ್ರ. ಅದರಿಂದ ಫಿಲ್ಟರ್, ಸೀಲುಗಳಿಗೆ ಅಪಾಯ.

ಎಲ್ಲ ಕಡೆ ದಪ್ಪ ಆಯಿಲು ಪಾಪ ಎಂದು ನಾನು ಹೇಳುವುದಿಲ್ಲ. ಕಂಪೆನಿಯ ಪುಸ್ತಕದಲ್ಲೇ ಬಿಸಿ ಪ್ರದೇಶಕ್ಕೆ ಎರಡು ನಮೂನೆ ಕೊಟ್ಟಿದ್ದರೆ ಹಾಕಬಹುದು. ಇಂಜಿನ್ ಕೆಲಸ ಮಾಡಿಸಲೇಬೇಕು, ಆದರೆ ಕೊಯ್ಲು ಮುಗಿಯುವ ತನಕ ಹಣ ಇಲ್ಲ, ಎರಡು ತಿಂಗಳು ದೂಡಬೇಕು ಎಂದು ತಿಳಿದೇ ಹಾಕುವುದಿದ್ದರೆ ಅದು ಯಜಮಾನನ ಲೆಕ್ಕ, ಭಾರ ಕಮ್ಮಿ ಹೇರಿ ಓಡಿಸಲಿ. ಹೇಳದೆ ಹಾಕುವುದು, ರೋಗ ವಾಸಿಯಾಯಿತೆಂದು ನಂಬಿಸುವುದು ಸಲ್ಲದು. ಬಿಲ್ಲಿನಲ್ಲಿ ಆಯಿಲಿನ ನಂಬರ್ ಬರೆಸಿಕೊಳ್ಳಿ. ಗೊಬ್ಬರದ ಚೀಲದ ಮೇಲಿನ ಎನ್‌ಪಿಕೆ ಓದದೆ ನಾವು ಯಾರೂ ಕೊಳ್ಳುವುದಿಲ್ಲವಲ್ಲ.

ಹೊಸ ಗಾಡಿಯವರಿಗೆ

2020ರ ಎಪ್ರಿಲಿನಿಂದ ಬಂದ ಬಿಎಸ್ 6 ಡೀಸೆಲ್ ಪಿಕಪ್ಪುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬರುತ್ತದೆ. ಮಸಿ ತುಂಬಿದಾಗ ಅದನ್ನು ಗಾಡಿ ತಾನೇ ಸುಡುತ್ತದೆ. ಸುಡಲು ಅನೇಕ ಇಂಜಿನುಗಳು ಹೆಚ್ಚುವರಿ ಡೀಸೆಲನ್ನು ಸಿಲಿಂಡರಿಗೆ ಬಿಡುತ್ತವೆ. ಸುಡುವುದಕ್ಕೆ ಸ್ವಲ್ಪ ದೂರ ಒಂದೇ ವೇಗದ ಓಟ ಬೇಕು. ನಮ್ಮದು ಮನೆಯಿಂದ ಸೊಸೈಟಿಗೆ ಮೂರು ಕಿಲೋಮೀಟರ್, ಇಂಜಿನ್ ಬಿಸಿಯಾಗುವ ಮೊದಲೇ ಆಫ್. ಅರ್ಧ ಸುಡುವಿಕೆ ಮತ್ತೆ ಮತ್ತೆ ಆದರೆ ಸಿಲಿಂಡರಿನ ಗೋಡೆಗೆ ಅಂಟಿದ ಡೀಸೆಲು ಕೆಳಗಿಳಿದು ಆಯಿಲಿಗೆ ಸೇರುತ್ತದೆ.

ಡಿಪ್ ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಏರುತ್ತಾ ಹೋಗುವುದು ಇದರ ಲಕ್ಷಣ. "ಆಯಿಲ್ ಕಮ್ಮಿಯೇ ಆಗುವುದಿಲ್ಲ, ಒಳ್ಳೆ ಗಾಡಿ" ಎಂದು ಹೊಗಳುವವರು ಸ್ವಲ್ಪ ಮೂಸಿ ನೋಡಬೇಕು. ತೆಳ್ಳಗಾದ ಆಯಿಲು ಬಿಸಿ ಐಡ್ಲಿಂಗಿನ ಪ್ರೆಶರನ್ನು ಇಳಿಸುತ್ತದೆ. ಇದಕ್ಕೂ ದಪ್ಪ ಆಯಿಲು ಪರಿಹಾರವಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸುವುದು, ಕಂಪೆನಿ ಹೇಳಿದ ಕಮ್ಮಿ ಬೂದಿಯ ಆಯಿಲನ್ನೇ ಹಾಕುವುದು, ಸಣ್ಣ ಓಟವೇ ಹೆಚ್ಚಾದರೆ ಅವಧಿಗೆ ಮೊದಲೇ ಬದಲಾಯಿಸುವುದು - ಇಷ್ಟು ಮಾಡಬೇಕು. ಕಿಲೋಮೀಟರ್ ಆಗಿಲ್ಲ ಎಂದು ಎರಡು ವರ್ಷ ಒಂದೇ ಆಯಿಲಿನಲ್ಲಿ ಓಡಿಸುವುದು ಉಳಿತಾಯ ಅಲ್ಲ.

ಹಳೆ ಗಾಡಿ ಕೊಳ್ಳುವಾಗ

ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದು ಸೆಕೆಂಡ್ ಹ್ಯಾಂಡ್. ಬಣ್ಣ ನೋಡುತ್ತೇವೆ, ಟಯರ್ ನೋಡುತ್ತೇವೆ, ಇಂಜಿನಿನ ಶಬ್ದ ಕೇಳಿ ತಲೆಯಾಡಿಸುತ್ತೇವೆ. ಮಾರುವವನು ದಪ್ಪ ಆಯಿಲು ಹಾಕಿ ಶಬ್ದ ಅಡಗಿಸಿಟ್ಟಿರಬಹುದು. ಆದ್ದರಿಂದ ಇಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಯಾಕೆ ಎಂದು ಕೇಳಿ. ಇಪ್ಪತ್ತು ಕಿಲೋಮೀಟರ್ ಓಡಿಸಿ, ಒಂದು ಗುಡ್ಡೆ ಹತ್ತಿಸಿ ಬಂದು ಐಡ್ಲಿಂಗಿನಲ್ಲಿ ಮೀಟರ್ ಹಾಕಿಸಿ. ಯಾವ ಆಯಿಲು ಹಾಕಿದ್ದು ಎಂದು ಕೇಳಿ. ಬಿಸಿ ಐಡ್ಲಿಂಗಿನಲ್ಲಿ ಮುಳ್ಳು ಅರ್ಧ ಬಾರಿನ ಹತ್ತಿರ ತೂಗಾಡುತ್ತಿದ್ದರೆ ಇಂಜಿನ್ ಕೆಲಸದ ಖರ್ಚನ್ನು ಕ್ರಯದಿಂದ ಕಳೆದು ಮಾತಾಡಿ, ಇಲ್ಲವಾದರೆ ಕೈಮುಗಿದು ಬನ್ನಿ. ಮಾರುವವನು ಮೀಟರ್ ಹಾಕಲು ಬಿಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ದೀಪ ಉರಿದೇ ಬಿಟ್ಟರೆ

ಓಡುತ್ತಿರುವಾಗ ಕೆಂಪು ದೀಪ ಉರಿದು ಆರದಿದ್ದರೆ ಮುಂದಿನ ಪೇಟೆ, ಮುಂದಿನ ಗ್ಯಾರೇಜು, ಮನೆಗೆ ಇನ್ನು ಎರಡೇ ಕಿಲೋಮೀಟರ್ ಎಂಬ ಲೆಕ್ಕ ಯಾವುದೂ ಬೇಡ. ಆಕ್ಸಿಲೇಟರಿನಿಂದ ಕಾಲು ತೆಗೆಯಿರಿ, ಬದಿಗೆ ತಂದು ನಿಲ್ಲಿಸಿ, ಕೂಡಲೇ ಆಫ್ ಮಾಡಿ. ಘಾಟಿ ಇಳಿಯುವಾಗ ಮಾತ್ರ ಒಂದು ಎಚ್ಚರ: ಗಾಡಿ ಚಲಿಸುತ್ತಿರುವಾಗಲೇ ಇಂಜಿನ್ ಆಫ್ ಮಾಡಬಾರದು. ಬ್ರೇಕ್ ಗಟ್ಟಿಯಾಗುತ್ತದೆ, ಪವರ್ ಸ್ಟೇರಿಂಗ್ ಹೋಗುತ್ತದೆ. ಮೊದಲು ನಿಲ್ಲಿಸಿ, ಮತ್ತೆ ಆಫ್.

ಡಿಪ್ ಸ್ಟಿಕ್ಕು ನೋಡಿ, ಗಾಡಿಯ ಅಡಿಗೆ ಬಗ್ಗಿ ಸೋರಿದೆಯೇ ನೋಡಿ. ಆಯಿಲು ಕಮ್ಮಿ ಇದ್ದರೆ, ದೊಡ್ಡ ಸೋರಿಕೆ ಇಲ್ಲದಿದ್ದರೆ ತುಂಬಿಸಿ ಸ್ಟಾರ್ಟ್ ಮಾಡಿ, ದೀಪ ಎರಡು-ಮೂರು ಸೆಕೆಂಡಿನಲ್ಲಿ ಆರಿದರೆ ಮುಂದೆ ಹೋಗಬಹುದು. ಆಯಿಲು ಸರಿ ಇದ್ದೂ ದೀಪ ಉರಿದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇನ್ನೊಂದು ಪಿಕಪ್ಪಿಗೆ ಮಾಲು ದಾಟಿಸಿ, ಇದನ್ನು ಎಳೆಸಿಕೊಂಡು ಹೋಗಿ. ಎಳೆಸಿದ ಬಾಡಿಗೆಗೆ ಅಳುವುದು ಬೇಡ. ಕ್ರ್ಯಾಂಕಿನ ಕ್ರಯದ ಎದುರು ಅದು ಏನೂ ಅಲ್ಲ.

ಊರಿಗೊಂದು ಮೀಟರ್

ಕೊನೆಗೆ ನನ್ನ ಸೂಚನೆ ಮೂರು.

ಒಂದು, ಮನೆಯಲ್ಲಿ ಮಳೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ಗಾಡಿಗೆ ಇಡಿ. ದಿನಾಂಕ, ಕಿಲೋಮೀಟರ್, ಆಯಿಲಿನ ನಂಬರ್, ಬಿಸಿ ಐಡ್ಲಿಂಗಿನ ಪ್ರೆಶರ್, 2000 ಸುತ್ತಿನ ಪ್ರೆಶರ್. ಐದು ಕಾಲಂ ಸಾಕು.

ಎರಡು, ಎಂಟು-ಹತ್ತು ಮನೆಯವರು ಸೇರಿ ಒಂದು ಪರೀಕ್ಷೆಯ ಮೀಟರ್ ಇಟ್ಟುಕೊಳ್ಳಿ. ಮುಳ್ಳಿನ ಮೀಟರ್, ಆಯಿಲಿಗೆ ತಾಳುವ ಪೈಪು, ಬೇರೆ ಬೇರೆ ಗಾಡಿಗೆ ಕೂರುವ ನಾಲ್ಕು ಜೋಡಣೆ, ಇಷ್ಟೇ. ದೋಟಿ, ಏಣಿ ಹಂಚಿಕೊಳ್ಳುವವರಿಗೆ ಇದು ಕಷ್ಟವಲ್ಲ. ವರ್ಷಕ್ಕೆ ಒಂದು ದಿನ ಎಲ್ಲರ ಗಾಡಿಗೂ ಹಾಕಿ ನೋಡಿದರೆ ಯಾರ ಇಂಜಿನಿಗೆ ಪ್ರಾಯ, ಯಾರದ್ದಕ್ಕೆ ರೋಗ ಎಂದು ಗೊತ್ತಾಗುತ್ತದೆ. ಅಂಕೆ ಹಿಡಿದುಕೊಂಡು ಗ್ಯಾರೇಜಿಗೆ ಹೋದವನ ಹತ್ತಿರ ಮೆಕ್ಯಾನಿಕ್ಕು ಮಾತಾಡುವ ಧಾಟಿಯೇ ಬೇರೆ. ಒಳ್ಳೆಯ ಮೆಕ್ಯಾನಿಕ್ಕುಗಳು ಇದರಿಂದ ಬೇಸರಿಸುವುದಿಲ್ಲ, ಅವರ ಕೆಲಸ ಹಗುರವಾಗುತ್ತದೆ.

ಮೂರು, ಗಾಡಿ ಮಾಡುವ ಕಂಪೆನಿಗಳಲ್ಲಿ ಕೇಳಲು ಶುರು ಮಾಡೋಣ. ಮೊಬೈಲ್ ಜೋಡಿಸುವ, ಹಾಡು ಹಾಕುವ ಪರದೆಗೆ ಜಾಗ ಇರುವ ಡ್ಯಾಶ್ ಬೋರ್ಡಿನಲ್ಲಿ ಭಾರ ಹೊರುವ ಗಾಡಿಗೆ ಒಂದು ನಿಜವಾದ ಪ್ರೆಶರ್ ಮುಳ್ಳಿಗೆ ಜಾಗ ಇಲ್ಲವೇ? ಶೋರೂಮಿನಲ್ಲಿ ನೂರು ಜನ ಕೃಷಿಕರು ಕೇಳಿದರೆ ಒಂದಲ್ಲ ಒಂದು ದಿನ ಅದು ಮೇಲಿನವರಿಗೆ ತಲುಪೀತು.

ತಲುಪುವ ತನಕ ಪುಸ್ತಕ ಮತ್ತು ಮೀಟರ್ ನಮ್ಮ ಕೈಯಲ್ಲೇ ಇರಲಿ. ಓದುಗರಲ್ಲಿ ಯಾರಾದರೂ ಈಗಾಗಲೇ ಅಂಕೆ ಬರೆದಿಡುತ್ತಿದ್ದರೆ ಗಾಡಿಯ ವರ್ಷ, ಓಡಿದ ಕಿಲೋಮೀಟರ್, ಹಾಕುವ ಆಯಿಲಿನ ನಂಬರ್ ಸಹಿತ ಪತ್ರಿಕೆಗೆ ಕಳಿಸಿ. ಐವತ್ತು ಗಾಡಿಗಳ ಲೆಕ್ಕ ಒಂದು ಕಡೆ ಸಿಕ್ಕಿದರೆ, ನಮ್ಮ ಗುಡ್ಡೆದಾರಿಗೆ ಎಷ್ಟು ಪ್ರೆಶರ್ ಸಾಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.